ಅರ್ಧ ತುಂಬುವ ಒತ್ತಡ

ಅಮ್ಮನ ತುಟಿ ನೇರಳೆಗೆ ತಿರುಗಿದ ವರ್ಷ
ನಾನು ಕಪ್ಪೆಯ ರಕ್ತ ಅಳೆಯುತ್ತಿದ್ದೆ.

ಎಲ್ ಆಲ್ತೋ ಆಸ್ಪತ್ರೆಯಲ್ಲಿ ವೈದ್ಯ
ಅವಳ ತೋಳಿನಿಂದ ಅರ್ಧ ಲೀಟರು ಇಳಿಸಿ
ಚೀಲವನ್ನು ಕಿಟಕಿಗೆ ಹಿಡಿದ: "ನೋಡಿ, ಕಾಕಂಬಿ."
ಗಾಳಿ ತೆಳುವಾದಲ್ಲಿ ಮಜ್ಜೆಗೆ ಹೆದರಿಕೆಯಂತೆ,
ಹೆದರಿ ಕಣದ ಮೇಲೆ ಕಣ ಹೆರುತ್ತದಂತೆ,
ಕೊನೆಗೆ ಓಣಿಯ ತುಂಬ ಹಮಾಲರೇ ನಿಂತು
ಮೂಟೆ ದಾಟಲು ದಾರಿಯಿಲ್ಲ.

"ಇಷ್ಟು ರಕ್ತ ಇಟ್ಟುಕೊಂಡೂ ಉಸಿರಿಲ್ಲವೇ?"
ಎಂದಳು ಸತುರ್ನೀನಾ ಚೋಕೆ,
ಮೂವತ್ತು ವರ್ಷ ಸಂತೆಯ ಮೂಲೆಯಲ್ಲಿ
ಲೋಟಕ್ಕಿಷ್ಟು ಎಂದು ಉಸಿರು ಮಾರಿದವಳು.

ಗಾಜಿನ ತೊಟ್ಟಿಯಿಂದ ಒಂದು ಕಾಯ್ರಾ.
ಹಿಂಗಾಲು ಹಿಡಿದು ಕಲ್ಲಿನಂಚಿಗೆ ಒಂದು ಪೆಟ್ಟು.
ಚರ್ಮ ದೊಗಲೆ ಅಂಗಿಯಂತೆ ಕಳಚಿ ಬರುತ್ತಿತ್ತು.
ಆಮೇಲೆ ಜೇನು, ಮಾಕಾ ಗೆಡ್ಡೆಯ ಪುಡಿ, ಮಿಕ್ಸರಿನ ಗುರ್‍ರು.
ಉಬ್ಬಸದವರು, ಲಾರಿ ಡ್ರೈವರುಗಳು, ಹೊಸ ಗಂಡಂದಿರು
ಕಣ್ಣು ಮುಚ್ಚಿ ಗಟಗಟ ಕುಡಿಯುತ್ತಿದ್ದರು.
ನನ್ನ ಶಾಲೆಯ ಬೂಟು, ಗಣಿತದ ಪುಸ್ತಕ,
ವಿಶ್ವವಿದ್ಯಾಲಯದ ಮೊದಲ ಕಂತು
ಎಲ್ಲ ಆ ಲೋಟದ ತಳದಿಂದಲೇ.

ಈಗ ತಿತಿಕಾಕಾ ದಂಡೆಯ ತಗಡಿನ ಶೆಡ್ಡಿನಲ್ಲಿ ನನ್ನ ಬೆಂಚು.
ಹಿಂಗಾಲಿನ ನಾಳದಿಂದ ಒಂದೇ ಹನಿ.
ಎರಡು ಪೊರೆಗಳ ನಡುವೆ ಸವರಿ
ಸಾರಜನಕದಲ್ಲಿ ಉಸಿರು ಕಟ್ಟಿಸುತ್ತೇನೆ;
ಹನಿ ಕಂದುತ್ತದೆ, ಆ ಬಣ್ಣ ನನಗೆ ಗೊತ್ತು.
ಆಮೇಲೆ ಆಮ್ಲಜನಕ, ಚೂರು ಚೂರೇ.

ಒಂದೊಂದು ಹಿಮೋಗ್ಲೋಬಿನ್ನಿಗೂ ನಾಲ್ಕು ಮಣೆ.
ಮೊದಲ ಅತಿಥಿ ಹೊಸ್ತಿಲಲ್ಲೇ ತಡವರಿಸುತ್ತಾನೆ.
ಅವನು ಕೂತನೋ, ಮನೆಯೇ ಸ್ವಲ್ಪ ಮಗ್ಗುಲು ಬದಲಿಸಿ
ಪಕ್ಕದ ಮಣೆ ಸಡಿಲ ಮಾಡುತ್ತದೆ;
ಮೂರನೆಯವನಿಗೆ ಕರೆಯೋಲೆ ಬೇಕಿಲ್ಲ.
ಕಾಗದದ ಮೇಲೆ ಮಲಗಿದ್ದ ಗೆರೆ
ಏಳುತ್ತದೆ, ಏರುತ್ತದೆ, ಮತ್ತೆ ಒರಗುತ್ತದೆ.

ಮಣೆಗಳು ಅರ್ಧ ತುಂಬಲು
ಬಯಲಿನ ಕಪ್ಪೆಗೆ ಪಾದರಸದ ಮೂವತ್ತು ಮಿಲಿಮೀಟರು ದಾಟಬೇಕು.
ಇದಕ್ಕೆ ಹದಿನಾರು ಸಾಕು.

ಇಷ್ಟು ಗಟ್ಟಿ ಹಿಡಿದದ್ದು ಬಿಡುವುದು ಯಾವಾಗ?
ನಾನೂ ಕೇಳಿದ್ದೆ. ಹಸಿದ ಸ್ನಾಯುವಿನಲ್ಲಿ
ಒತ್ತಡ ಇನ್ನೂ ಕೆಳಗಿದೆ, ಅಲ್ಲಿ ಬಿಡುತ್ತದೆ.
ಇದು ದುಡುಕುವ ಪ್ರಾಣಿಯೂ ಅಲ್ಲ:
ತಣ್ಣೀರ ತಳದಲ್ಲಿ, ಕಡಿಮೆ ಬೇಡುತ್ತಾ ಬದುಕಿರುತ್ತದೆ.
ಮೇಲಿನ ತೊರೆಗಳಲ್ಲಿರುವ ಇದರ ದಾಯಾದಿ ಇನ್ನೂ ಹಟಮಾರಿ.
ಉಪ್ಪು ಬಳಿ ಬಂದು "ಬಿಡು, ಬಿಡು" ಎಂದು ಊದಿದರೂ
ಅದರ ಹಿಮೋಗ್ಲೋಬಿನ್ನು ಅಷ್ಟಾಗಿ ಕಿವಿಗೊಡದು;
ಸರಪಳಿಯ ತುದಿಗೆ ಯಾರೋ ಬಡಿದ ಹಾಗೆ
ಒಂದು ಪುಟ್ಟ ಬೆಣೆ.

ಅಮ್ಮ ಬಂದಳು, ಬಸ್ಸಿಳಿದು ಮೂರು ಸಲ ನಿಂತು.
ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು, ಟೋಪಿ ತೆಗೆಯದೆ.
"ಸಣ್ಣ," ಎಂದಳು.
"ಹೂಂ. ಉಭಯವಾಸಿಗಳ ಕಣ ಸಾಮಾನ್ಯವಾಗಿ ಇದಕ್ಕಿಂತ ಭಾರೀ ದೊಡ್ಡದು.
ಇದು ಮೂಟೆ ಒಡೆದು ಚಿಕ್ಕ ಗಂಟು ಮಾಡಿಕೊಂಡಿದೆ."
"ನನ್ನ ಮೈಗೆ ಈ ಬುದ್ಧಿ ಬರಲಿಲ್ಲ."
ಸ್ವಲ್ಪ ಹೊತ್ತು ಬಿಟ್ಟು:
"ಗಿರಾಕಿಗಳಿಗೆ ಇದು ಹತ್ತುತ್ತಿತ್ತೇ?"
"ಇಲ್ಲಮ್ಮ. ಹೊಟ್ಟೆಗೆ ಹೋದರೆ ಇದೂ ಬರೀ ಮಾಂಸ."
"ಮತ್ತೆ ಲೋಟದಲ್ಲಿ ಇದ್ದದ್ದೇನು?"
"ಜೇನು."

ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ಸಿಳ್ಳೆಯಾಗಿ,
ಬೆಂಚಿನ ಅಂಚು ಹಿಡಿದು ನಿಂತಳು.
ನಾನು ನೀರು ಕೊಟ್ಟೆ. ಕುಡಿಯಲಿಲ್ಲ.
ಬಕೆಟ್ಟು ತೋರಿಸಿದಳು.

ಜೊಂಡಿನ ಆಚೆ, ಮೊಣಕಾಲುದ್ದ ನೀರಿನಲ್ಲಿ
ಏಳು ಸುತ್ತಿನ ಲಂಗ ಎತ್ತಿ ಕಟ್ಟಿ
ಬಕೆಟ್ಟು ಓರೆ ಮಾಡಿದಳು.
ಅದು ಈಜಿ ಹೋಗಲಿಲ್ಲ. ಅಲ್ಲೇ ತಳ ಸೇರಿ,
ಕಾಲೂರಿ, ಮೈಯನ್ನು ಮೇಲೆ ಕೆಳಗೆ ಆಡಿಸಿತು,
ಸುತ್ತಲಿನ ಹಳೆ ನೀರು ಸರಿದು ಹೊಸದು ಬರಲೆಂದು;
ಮಡಿಕೆ ಮಡಿಕೆಯ ಚರ್ಮ ತೆರೆಯಿತು, ಮುಚ್ಚಿತು.
ಅವಳ ಭುಜಗಳೂ ಹಾಗೇ.

ತುಂಬ ಹೊತ್ತು ಬಗ್ಗಿ ನೋಡಿ,
ಗಿರಾಕಿಗೆ ಚಿಲ್ಲರೆ ಎಣಿಸುವ ದನಿಯಲ್ಲಿ
"ಒಂದು," ಎಂದಳು.